ಒಲೆ ಮಾರಿದವರ ಮಾತು: ಹಳೇ ಜಾಹೀರಾತುಗಳ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೆಯಲ್ಲಿ ಅಮೆರಿಕದ ಹಳೇ ಸೌದೆ ಒಲೆಗಳ ಕೆಲವು ಜಾಹೀರಾತು ಚಿತ್ರ ಹಾಕಿದ್ದೆವು. ಸುಮ್ನೆ ಚೆನ್ನಾಗಿವೆ ಅಂತ ಹಾಕಿದ್ದು, ಆದರೆ ಪತ್ರಗಳು ಬಂದ ರಭಸ ನೋಡಿದರೆ ಒಲೆ ಅಂದ ತಕ್ಷಣ ಎಲ್ಲರಿಗೂ ಹೇಳೋಕೆ ಏನೋ ಇರುತ್ತೆ ಅನ್ನಿಸಿತು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಇಲ್ಲಿ ಉತ್ತರಿಸಿದ್ದೇನೆ.

ಪ್ರ: ‘ರೈಸಿಂಗ್ ಸನ್’ ಅಂತ ಒಂದು ಬಣ್ಣದ ಚೀಟಿ ಹಾಕಿದ್ರಲ್ಲ, ಅದು ಒಲೆದೋ ಪಾಲಿಶ್‌ದೋ? ಒಲೆಗೆ ಪಾಲಿಶ್ ಯಾಕ್ರೀ? ನಮ್ಮಜ್ಜಿ ಸಗಣಿ ಸಾರಿಸಿ ಎರಡೆಳೆ ರಂಗೋಲಿ ಹಾಕಿದ್ರೆ ಮುಗೀತಿತ್ತು.
— ಓದುಗರು, ಧಾರವಾಡ

ಉ: ಪಾಲಿಶ್‌ದೇ. ಮಣ್ಣಿನ ಒಲೆ ಸಾರಿಸಿದರೆ ಆಯ್ತು, ಬೀಡು ಕಬ್ಬಿಣದ ಒಲೆಗೆ ಆ ಸುಖ ಇಲ್ಲ. ಹಾಲು ಉಕ್ಕಿದರೆ ತುಕ್ಕು, ನೀರು ತುಳುಕಿದರೆ ತುಕ್ಕು, ಬೇಸಿಗೆಯಲ್ಲಿ ಉರಿ ಹಾಕದೆ ಬಿಟ್ಟರೂ ತುಕ್ಕು. ಅದಕ್ಕೆ ಗ್ರಾಫೈಟ್ ಬಳಿಯುತ್ತಿದ್ದರು. ಪೆನ್ಸಿಲ್ ಒಳಗೆ ಕಪ್ಪು ಕಡ್ಡಿ ಇರುತ್ತಲ್ಲ, ಅದೇ ವಸ್ತು. ಪೆನ್ಸಿಲ್‌ಗೆ ಹೆಸರಾದ ಡಿಕ್ಸನ್ ಕಂಪನಿ ಕೂಡ ಮೊದಮೊದಲು ಒಲೆ ಪಾಲಿಶ್ ಮಾರಿಕೊಂಡೇ ಬೆಳೆದದ್ದು.

ರೈಸಿಂಗ್ ಸನ್ ಮ್ಯಾಸಚೂಸೆಟ್ಸ್‌ನ ಕ್ಯಾಂಟನ್ ಊರಿನ ಮೋರ್ಸ್ ಸಹೋದರರ ಸರಕು. ಗಟ್ಟಿ ಬಿಲ್ಲೆಯಾಗಿ ಬರುತ್ತಿತ್ತು. ಚೂರು ಮುರಿದು ನೀರಲ್ಲಿ ಕಲಸಬೇಕು, ತಣ್ಣಗಿರುವ ಒಲೆಗೆ ಬ್ರಷ್‌ನಲ್ಲಿ ಬಳಿಯಬೇಕು, ಆಮೇಲೆ ಇನ್ನೊಂದು ಬ್ರಷ್ ತಗೊಂಡು ಕೈ ಸೋಲುವವರೆಗೆ ಉಜ್ಜಬೇಕು. ಉಜ್ಜಿದಷ್ಟೂ ಹೊಳಪು. ಒಲೆಯ ಮೇಲೆಲ್ಲ ಎರಕದ ಹೂಬಳ್ಳಿ, ಆ ಬಳ್ಳಿಯ ಸಂದುಗೊಂದಿಗೆಲ್ಲ ಬ್ರಷ್ ಮೂತಿ ತೂರಿಸಬೇಕು. ಮುಗಿಯೋ ಹೊತ್ತಿಗೆ ಉಗುರ ಸಂದಿ, ಮೊಣಕೈ, ಮೂಗಿನ ತುದಿ ಎಲ್ಲಾ ಕಪ್ಪು. ಚೀಟಿಯ ಮುಂಭಾಗದಲ್ಲಿ ಇದ್ಯಾವುದೂ ಇಲ್ಲ, ಅಲ್ಲಿ ಇರೋದು ನಗುಮುಖ, ಹೊಳೆಯುವ ಒಲೆ, ಹುಟ್ಟುವ ಸೂರ್ಯ.

ಮಜಾ ಇರೋದು ಹಿಂಭಾಗದಲ್ಲಿ. ಬೇರೆಯವರ ಪೇಸ್ಟು, ಎನಾಮೆಲ್ಲು, ಬಣ್ಣಗಳಿಗೆ ಮೋಸ ಹೋಗಬೇಡಿ, ಅವು ಕೈಗೆ ಕಲೆ ಹತ್ತಿಸುತ್ತವೆ, ಕಬ್ಬಿಣ ಹಾಳು ಮಾಡುತ್ತವೆ, ಬಿಸಿಯಾದಾಗ ಕೆಂಪಗಾಗುತ್ತವೆ ಅಂತ ಎಚ್ಚರಿಕೆ. ಅಂದರೆ ಆ ಕಾಲದ ಅಡುಗೆಮನೆಯ ಗೋಳೇನು ಅನ್ನೋದು ಗೊತ್ತಾಗಬೇಕಾದರೆ ಜಾಹೀರಾತುದಾರ ತನ್ನ ಸರಕನ್ನು ಹೊಗಳಿಕೊಂಡ ಕಡೆ ನೋಡಬಾರದು, ಎದುರಾಳಿಯನ್ನು ಬೈದ ಕಡೆ ನೋಡಬೇಕು. ನಾನಂತೂ ಹಳೇ ಜಾಹೀರಾತು ಓದೋದೇ ಹಾಗೆ.

ಇಂಥ ಚೀಟಿಗಳಿಗೆ ಟ್ರೇಡ್ ಕಾರ್ಡ್ ಅಂತಾರೆ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಕಂಪನಿಗಳು ಇವನ್ನು ರಾಶಿ ರಾಶಿ ಹಂಚಿದ ಮೇಲೆ ಹುಚ್ಚು ಹಿಡಿದಂತಾಯಿತು. ಅಂಗಡಿಯವನು ಸಾಮಾನಿನ ಜೊತೆ ಬಿಟ್ಟಿ ಕೊಡುತ್ತಿದ್ದ, ಮಕ್ಕಳು, ಹೆಂಗಸರು ಆಲ್ಬಮ್‌ಗೆ ಅಂಟಿಸಿಕೊಳ್ಳುತ್ತಿದ್ದರು. ಅಚ್ಚು ಹಾಕುವ ವಿಧಾನ ಬಣ್ಣದ ಕಲ್ಲಚ್ಚು. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ ಪಟಗಳು ನಮ್ಮ ದೇವರ ಕೋಣೆಗೆ ಬಂದದ್ದೂ ಅದೇ ವಿಧಾನದಲ್ಲೇ.

ಇನ್ನೊಂದು ಮಾತು. ಇವುಗಳಲ್ಲಿ ಎಷ್ಟೋ ಚೀಟಿಗಳನ್ನು ಇಲ್ಲಿ ಅಚ್ಚು ಮಾಡೋಕೆ ಆಗಲ್ಲ. ಕಪ್ಪು ಪಾಲಿಶ್ ಮಾರೋಕೆ ಕಪ್ಪು ಜನರನ್ನು ಗೇಲಿ ಮಾಡುವ ಚಿತ್ರ ಬರೆಯೋದು ಅವರಿಗೆ ಮಾಮೂಲಾಗಿತ್ತು. ಹಳೇದು ಅಂತ ಎಲ್ಲವನ್ನೂ ಮುದ್ದು ಮಾಡಬೇಕಾಗಿಲ್ಲ.

ಪ್ರ: ಬೆಂಜಮಿನ್ ಫ್ರಾಂಕ್ಲಿನ್ ಕಬ್ಬಿಣದ ಒಲೆ ಕಂಡುಹಿಡಿದರು ಅಂತ ವರ್ಷಗಟ್ಟಲೆ ಪಾಠ ಮಾಡಿದ್ದೇನೆ ಸರ್. ಈಗ ಮಗ ‘ಅದೆಲ್ಲ ಸುಳ್ಳಮ್ಮಾ’ ಅಂತಾನೆ. ಯಾವುದು ನಿಜ?
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉ: ಇಬ್ಬರದೂ ಅರ್ಧರ್ಧ ಸರಿ ಮೇಡಂ. ಕಬ್ಬಿಣದ ಒಲೆ ಫ್ರಾಂಕ್ಲಿನ್‌ಗಿಂತ ಮುಂಚೆಯೇ ಪೆನ್ಸಿಲ್ವೇನಿಯಾದಲ್ಲಿತ್ತು. ಜರ್ಮನಿಯಿಂದ ಬಂದು ನೆಲೆಸಿದವರ ಮನೆಗಳಲ್ಲಿ ಐದು ಹಲಗೆ ಜೋಡಿಸಿದ ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು, ಹಲಗೆಗಳ ಮೇಲೆ ಬೈಬಲ್ ಕಥೆಗಳ ಉಬ್ಬುಚಿತ್ರ. ಅದರ ಬಾಯಿ ಇರೋದು ಗೋಡೆಯ ಆಚೆ. ಅಡುಗೆಮನೆ ಕಡೆಯಿಂದ ಸೌದೆ, ಕೆಂಡ ತಳ್ಳಿದರೆ ಈಚೆ ಕೋಣೆ ಬೆಚ್ಚಗಾಗುತ್ತೆ, ಹೊಗೆ ಬರಲ್ಲ. ಬೆಂಕಿಯೂ ಕಾಣಲ್ಲ. ಇಂಗ್ಲಿಷರಿಗೆ ಅದೇ ಬೇಜಾರು, ಬೆಂಕಿ ಕಣ್ಣಿಗೆ ಕಾಣದಿದ್ದರೆ ಅವರಿಗೆ ಬೆಚ್ಚಗೇ ಅನ್ನಿಸುತ್ತಿರಲಿಲ್ಲ.

ಫ್ರಾಂಕ್ಲಿನ್ ಮಾಡಿದ್ದು ಬೆಂಕಿ ಕಾಣುವ, ಆದರೂ ಶಾಖ ಪೋಲಾಗದ ಒಂದು ಕಬ್ಬಿಣದ ಗೂಡು. ಬೆಂಕಿಯ ಹಿಂದೆ ಟೊಳ್ಳು ಪೆಟ್ಟಿಗೆ. ಅದರೊಳಗೆ ಕೆಳಗಿನಿಂದ ತಣ್ಣನೆ ಗಾಳಿ ಹೊಕ್ಕು, ಬಿಸಿಯಾಗಿ, ಪಕ್ಕದ ತೂತುಗಳಿಂದ ಕೋಣೆಗೆ ಬರುತ್ತೆ. ಹೊಗೆ ಮಾತ್ರ ಪೆಟ್ಟಿಗೆಯ ತಲೆ ಹತ್ತಿ, ಹಿಂದಕ್ಕಿಳಿದು, ನೆಲದಡಿ ಹಾದು ಆಮೇಲೆ ಚಿಮಣಿ ಸೇರಬೇಕು. ತೊಂದರೆ ಅಲ್ಲೇ ಇತ್ತು. ಹೊಗೆಗೆ ಮೇಲೆ ಹೋಗೋದು ಗೊತ್ತು, ಕೆಳಗಿಳಿ ಅಂದರೆ ಅದೇಕೆ ಕೇಳುತ್ತೆ? ಚಿಮಣಿ ಚೆನ್ನಾಗಿ ಕಾದಿದ್ದರೆ ಎಳೆಯುತ್ತೆ, ಬೆಳಗ್ಗೆ ತಣ್ಣಗಿದ್ದಾಗ ಹಚ್ಚಿದರೆ ಕೋಣೆ ತುಂಬಾ ಹೊಗೆ. ಮುಂದಿನವರು ಆ ಒಳಪೆಟ್ಟಿಗೆ ಕಿತ್ತುಹಾಕಿ, ಹೊಗೆ ನೇರ ಹೋಗೋ ಹಾಗೆ ಮಾಡಿ, ಹೆಸರು ಮಾತ್ರ ಫ್ರಾಂಕ್ಲಿನ್ ಒಲೆ ಅಂತಲೇ ಉಳಿಸಿಕೊಂಡರು.

ನನಗೆ ಒಲೆಗಿಂತ ಅದರ ಜಾಹೀರಾತು ಜಾಸ್ತಿ ಇಷ್ಟ. ಒಲೆಯ ಹಲಗೆ ಎರಕ ಹೊಯ್ಯುತ್ತಿದ್ದವನು ಫ್ರಾಂಕ್ಲಿನ್‌ನ ಗೆಳೆಯ ರಾಬರ್ಟ್ ಗ್ರೇಸ್. ಅವನ ವ್ಯಾಪಾರ ಕುದುರಲಿ ಅಂತ ಫ್ರಾಂಕ್ಲಿನ್ 1744ರಲ್ಲಿ ಒಂದು ಕಿರುಹೊತ್ತಿಗೆ ಬರೆದು ತಾನೇ ಅಚ್ಚು ಹಾಕಿದ. ಮುದ್ರಕ ಅವನೇ ಅಲ್ವಾ! ನೂರು ವರ್ಷದ ಹಿಂದೆ ಮನೆ ಬಾಗಿಲಲ್ಲೇ ಸಿಗುತ್ತಿದ್ದ ಸೌದೆಯನ್ನು ಈಗ ಕೆಲವು ಊರಿಗೆ ಸುಮಾರು ನೂರು ಮೈಲಿಯಿಂದ ತರಬೇಕಾಗಿದೆ ಅಂತ ಮೊದಲು ಜೇಬಿಗೆ ಕೈ ಹಾಕುತ್ತಾನೆ. ಆಮೇಲೆ ಭಯ: ಮಾಮೂಲಿ ಬೆಂಕಿಗೂಡಿನ ಮುಂದೆ ಕೂತ ಹೆಂಗಸರಿಗೆ ಬೆನ್ನಿಗೆ ಚಳಿಗಾಳಿ ಬಡಿದು, ನೆಗಡಿಯಾಗಿ, ಅದು ದವಡೆ ಒಸಡಿಗೆ ಇಳಿದು, ಚಂದದ ಹಲ್ಲುಗಳೆಲ್ಲ ಚಿಕ್ಕ ವಯಸ್ಸಿಗೇ ಹಾಳಾಗುತ್ತಿವೆ ಅಂತ ಬರೆದ! ಇವತ್ತಿನ ಟಿವಿ ಜಾಹೀರಾತಿನವರು ಇದಕ್ಕಿಂತ ಬೇರೆ ಏನು ಮಾಡುತ್ತಿದ್ದಾರೆ ಹೇಳಿ.

ಆದರೆ ಒಂದು ವಿಷಯಕ್ಕೆ ಆ ಮನುಷ್ಯನನ್ನು ಮೆಚ್ಚಲೇಬೇಕು. ಗವರ್ನರ್ ಪೇಟೆಂಟ್ ಕೊಡುತ್ತೇನೆ ಅಂದರೂ ಬೇಡ ಅಂದ. ಬೇರೆಯವರು ಕಂಡುಹಿಡಿದದ್ದರಿಂದ ನಮಗೆಲ್ಲ ಅನುಕೂಲ ಆಗಿರುವಾಗ, ನಮ್ಮದನ್ನೂ ಬಿಟ್ಟಿ ಕೊಡಬೇಕು ಅನ್ನೋದು ಅವನ ವಾದ. ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬ ಅದರಲ್ಲೇ ಸಣ್ಣಪುಟ್ಟ ಬದಲಾವಣೆ ಮಾಡಿ ಅಲ್ಲಿ ಪೇಟೆಂಟ್ ತಗೊಂಡು ದುಡ್ಡು ಮಾಡಿಕೊಂಡನಂತೆ. ಫ್ರಾಂಕ್ಲಿನ್ ಇದನ್ನು ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

ಪ್ರ: ಮಗಳ ಮನೆಗೆ ಮಿಶಿಗನ್‌ಗೆ ಹೋಗಿದ್ದಾಗ ಹಳೇ ಸಾಮಾನಿನ ಅಂಗಡಿಯಲ್ಲಿ ‘ಎ ಕಲಮಜೂ ಡೈರೆಕ್ಟ್ ಟು ಯು’ ಅಂತ ಬರೆದ ಬೋರ್ಡು ನೋಡಿದೆ. ಪಕ್ಕದಲ್ಲಿ ಗರಿ ಮುಡಿದ ಆದಿವಾಸಿ ನಾಯಕನ ಚಿತ್ರದ ಕ್ಯಾಲೆಂಡರ್. ಎರಡೂ ಒಲೆಗೆ ಸಂಬಂಧಿಸಿದ್ದು ಅಂದರು. ಆ ರಾಜ್ಯಕ್ಕೂ ಒಲೆಗೂ ಏನು ನಂಟು?
— ಓದುಗರು, ಮೈಸೂರು

ಉ: ನಂಟು ಜೋರಾಗಿಯೇ ಇತ್ತು. ಮೊದಲು ಒಲೆ ಕೈಗಾರಿಕೆ ಇದ್ದದ್ದು ನ್ಯೂಯಾರ್ಕ್ ರಾಜ್ಯದ ಆಲ್ಬನಿ, ಟ್ರಾಯ್ ಊರುಗಳಲ್ಲಿ, ಹಡ್ಸನ್ ನದಿ, ಈರಿ ಕಾಲುವೆ ಇದ್ದಿದ್ದರಿಂದ ಭಾರದ ಸಾಮಾನು ಸಾಗಿಸೋದು ಸಲೀಸು. ಆಮೇಲೆ ಜನ ಪಶ್ಚಿಮಕ್ಕೆ ಹೋದರು, ಒಲೆ ಕಾರ್ಖಾನೆಗಳೂ ಹೋದವು. ಕಾರು ಬರೋಕೆ ಮುಂಚೆ ಮಿಶಿಗನ್‌ನ ಡೆಟ್ರಾಯಿಟ್ ಒಲೆಗೇ ಹೆಸರುವಾಸಿ.

ಅಲ್ಲಿನ ಮಿಶಿಗನ್ ಸ್ಟೋವ್ ಕಂಪನಿ ‘ಗಾರ್ಲಂಡ್’ ಅನ್ನೋ ಒಲೆ ಮಾಡುತ್ತಿತ್ತು. 1893ರ ಶಿಕಾಗೋ ವಿಶ್ವ ಪ್ರದರ್ಶನ, ಅದೇ ವಿವೇಕಾನಂದರು ಭಾಷಣ ಮಾಡಿದ ಧರ್ಮ ಸಮ್ಮೇಳನ ನಡೆದ ವರ್ಷ, ಅಲ್ಲಿಗೆ ಈ ಕಂಪನಿ ಒಂದು ರಾಕ್ಷಸ ಒಲೆ ತಂದು ನಿಲ್ಲಿಸಿತು. 25 ಅಡಿ ಎತ್ತರ, 30 ಅಡಿ ಉದ್ದ, 20 ಅಡಿ ಅಗಲ, ತೂಕ 15 ಟನ್. ನೋಡಿದವರಿಗೆ ಕಬ್ಬಿಣ ಅನ್ನಿಸಬೇಕು, ಆದರೆ ಪೂರ್ತಿ ಓಕ್ ಮರದಲ್ಲಿ ಕೆತ್ತಿ ಬಣ್ಣ ಬಳಿದದ್ದು. ಪ್ರದರ್ಶನ ಮುಗಿದ ಮೇಲೆ ಡೆಟ್ರಾಯಿಟ್‌ಗೆ ತಂದರು, ಅಲ್ಲಿ ಇಲ್ಲಿ ಜಾಗ ಬದಲಾಯಿಸುತ್ತಾ ಕೊನೆಗೆ ರಾಜ್ಯದ ಜಾತ್ರೆ ಮೈದಾನ ಸೇರಿತು. 2011ರ ಆಗಸ್ಟ್‌ನಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಸೌದೆ ಒಲೆಯ ಜಾಹೀರಾತು ತಾನೇ ಸೌದೆಯಾಯ್ತು ನೋಡಿ.

ನೀವು ನೋಡಿದ ಬೋರ್ಡಿನ ಕಲಮಜೂ ಕಂಪನಿ ಶುರುವಾದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಅಷ್ಟು ಹೊತ್ತಿಗೆ ಮಾರುಕಟ್ಟೆಯಲ್ಲಿ ಒಲೆ ಕಂಪನಿಗಳು ಗಿಜಿಗುಡುತ್ತಿದ್ದವು. ಒಂದು ಒಲೆಗೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇಲ್ಲ, ಎಲ್ಲವೂ ಕಬ್ಬಿಣದ ಪೆಟ್ಟಿಗೆಯೇ. ಹಾಗಾಗಿ ಇವರು ಮಾರುವ ರೀತಿ ಬದಲಾಯಿಸಿದರು. ಅಂಗಡಿಯವನಿಗೆ ಯಾಕೆ ಲಾಭ ಕೊಡ್ತೀರಿ, ನಮಗೇ ಕಾಗದ ಬರೀರಿ, ಕ್ಯಾಟಲಾಗ್ ಕಳಿಸ್ತೀವಿ, ಒಲೆ ರೈಲಲ್ಲಿ ನಿಮ್ಮೂರಿಗೆ ಬರುತ್ತೆ. ಮೇಲಿಂದ 360 ದಿನ ಬಳಸಿ ನೋಡಿ, ಹಿಡಿಸದಿದ್ದರೆ ವಾಪಸ್ ಅನ್ನೋ ಮಾತು. ಕೇಳೋಕೆ ಭಾರಿ ಧೈರ್ಯ ಅನ್ನಿಸುತ್ತೆ, ಆದರೆ ಮಣಗಟ್ಟಲೆ ತೂಕದ ಕಬ್ಬಿಣ ಬಿಚ್ಚಿ, ಮತ್ತೆ ಪೆಟ್ಟಿಗೆಗೆ ತುಂಬಿ, ಗಾಡಿ ಮೇಲೆ ಹೇರಿಕೊಂಡು ಸ್ಟೇಷನ್ನಿಗೆ ಹೋಗೋ ರೈತ ಎಷ್ಟು ಜನ ಇದ್ದಾರು! ಈಗ ಆನ್‌ಲೈನ್‌ನಲ್ಲಿ ಸೋಫಾ ತರಿಸಿ ‘ಹಿಂತಿರುಗಿಸಬಹುದು’ ಅಂತ ಓದಿ ಸುಮ್ಮನಾಗುತ್ತೀವಲ್ಲ, ಲೆಕ್ಕ ಅದೇ.

ಕ್ಯಾಲೆಂಡರಿನವನು ‘ಡೋ-ವಾ-ಜಾಕ್’. ಅದು ರೌಂಡ್ ಓಕ್ ಅನ್ನೋ ಕಂಪನಿಯದ್ದು, ಊರು ಡೋವಾಜಿಯಾಕ್. ಊರಿನ ಹೆಸರನ್ನೇ ಉಚ್ಚಾರದಂತೆ ಒಡೆದು ಬರೆದು ಒಬ್ಬ ನಾಯಕನನ್ನು ಹುಟ್ಟಿಸಿದರು, ಹಾಗೆ ಒಬ್ಬ ಇರಲೇ ಇಲ್ಲ. ವರ್ಷ ವರ್ಷ ಅವನ ಹೊಸ ಚಿತ್ರದ ಕ್ಯಾಲೆಂಡರ್, ಜನ ಗೋಡೆಗೆ ಹಾಕಿಕೊಂಡು ಇಡೀ ವರ್ಷ ಬಿಟ್ಟಿ ಪ್ರಚಾರ ಕೊಟ್ಟರು. ಅದೇ ಸೀಮೆಯಲ್ಲಿ ನಿಜವಾದ ಆದಿವಾಸಿಗಳಾದ ಪೊಟವಾಟಮಿ ಜನರನ್ನು 1830ರ ದಶಕದಲ್ಲಿ ಸರ್ಕಾರ ಬಂದೂಕು ತೋರಿಸಿ ಪಶ್ಚಿಮಕ್ಕೆ ಅಟ್ಟಿತ್ತು. ಅದರಲ್ಲಿ ಪೊಕಾಗನ್ ಪಂಗಡದವರು ಹಠ ಹಿಡಿದು ಅಲ್ಲೇ ಉಳಿದರು, ಅವರ ಆಡಳಿತ ಕಚೇರಿ ಇವತ್ತಿಗೂ ಡೋವಾಜಿಯಾಕ್‌ನಲ್ಲೇ ಇದೆ. ಮುಂದಿನ ಸಲ ಮಗಳ ಮನೆಗೆ ಹೋದಾಗ ಕ್ಯಾಲೆಂಡರ್ ಕೊಳ್ಳುವ ಮುಂಚೆ ಇದೊಂದು ನೆನಪಿರಲಿ.

ಪ್ರ: ಹಳೇ ಚಿತ್ರಗಳಲ್ಲಿ ಒಲೆಯ ಬಾಗಿಲಿಗೆ ಗಾಜು ಇದ್ದ ಹಾಗಿದೆ. ಆಗಿನ ಕಾಲದ ಗಾಜು ಒಡೀತಿರಲಿಲ್ವಾ?
— ಓದುಗರು, ಹಾಸನ

ಉ: ಅದು ಗಾಜಲ್ಲ, ಕಾಗೆಬಂಗಾರ. ಅಭ್ರಕ ಅಂತಾರಲ್ಲ, ಅದರ ತೆಳು ಹಾಳೆ. ಎಷ್ಟು ಕಾದರೂ ಸೀಳಲ್ಲ, ಆದರೆ ಮಸಿ ಹಿಡಿಯುತ್ತೆ, ಬೆರಳು ಒತ್ತಿದರೆ ಪದರ ಕಿತ್ತುಬರುತ್ತೆ. ಕತ್ತಲಾದ ಮೇಲೆ ಒಳಗಿನ ಕೆಂಡದ ಬೆಳಕು ಕೋಣೆಗೆ ಬೀಳೋದಂತೂ ಚಂದ, ಜಾಹೀರಾತಿನವರು ಬಿಡ್ತಾರಾ, ಚಿತ್ರದಲ್ಲಿ ಯಾವಾಗಲೂ ಸಂಜೆಯೇ. ಜೊತೆಗೆ ನಿಕ್ಕಲ್ ಪಟ್ಟಿಗಳು. ನಿಕ್ಕಲ್ ಇದ್ದ ಕಡೆ ಕಪ್ಪು ಪಾಲಿಶ್ ತಿಕ್ಕುವ ಕೆಲಸ ಇಲ್ಲ, ಅದನ್ನೂ ಬರೆದುಕೊಳ್ಳುತ್ತಿದ್ದರು.

ಪ್ರ: ಜಾಹೀರಾತು ಲೋಕದ ಪಿತಾಮಹ ಡೇವಿಡ್ ಒಗಿಲ್ವಿ ಮೊದಲು ಒಲೆ ಮಾರ್ತಿದ್ರಂತೆ?
— ಪತ್ರಿಕೋದ್ಯಮ ವಿದ್ಯಾರ್ಥಿ, ಮಂಗಳೂರು

ಉ: ಹೌದಪ್ಪಾ, ಮನೆ ಮನೆ ಬಾಗಿಲು ತಟ್ಟಿ. ಸ್ಕಾಟ್ಲೆಂಡಿನಲ್ಲಿ, 1930ರ ದಶಕದಲ್ಲಿ. ಒಲೆಯ ಹೆಸರು ಆಗಾ. ಅದು ಸೌದೆಯದಲ್ಲ, ಕಲ್ಲಿದ್ದಲು, ಕೋಕ್ ಹಾಕಿ ಹಗಲೂ ರಾತ್ರಿ ಉರಿಸುವಂಥದ್ದು. ಆದರೂ ಅದರ ಕಥೆ ಬಿಡೋಕಾಗಲ್ಲ. ಮಾಡಿದವರು ಸ್ವೀಡನ್ನಿನ ಗುಸ್ತಾಫ್ ದಲೆನ್. ಸಮುದ್ರದ ದೀಪಸ್ತಂಭಗಳ ಕೆಲಸಕ್ಕೆ 1912ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು, ಅದೇ ವರ್ಷ ಪ್ರಯೋಗ ಮಾಡುವಾಗ ಸ್ಫೋಟವಾಗಿ ಎರಡೂ ಕಣ್ಣು ಹೋದವು. ಮನೆಯಲ್ಲಿ ಕೂತಾಗ ಹೆಂಡತಿ ಒಲೆ ಮುಂದೆ ಪಡುವ ಪಾಡು ಗೊತ್ತಾಗಿ 1922ರಲ್ಲಿ ಈ ಒಲೆ ರೂಪಿಸಿದರು.

ಒಗಿಲ್ವಿ ಚೆನ್ನಾಗಿ ಮಾರುತ್ತಿದ್ದ ಅಂತ ಕಂಪನಿ ಅವನ ಕೈಲಿ 1935ರಲ್ಲಿ ಉಳಿದ ಮಾರಾಟಗಾರರಿಗೆ ಒಂದು ಕೈಪಿಡಿ ಬರೆಸಿತು. ಅದರಲ್ಲಿನ ಸಲಹೆ ಒಂದೆರಡು: ನೀಟಾಗಿ ಗಡ್ಡ ಹೆರೆದುಕೊಂಡು ಹೋಗು, ಬೌಲರ್ ಹ್ಯಾಟು ಬೇಡ, ಹಿತ್ತಿಲ ಬಾಗಿಲಿಗೆ ಹೋಗು. ಮುಂಬಾಗಿಲಿಗೆ ಬರುವ ಮಾರಾಟಗಾರನನ್ನು ಕಂಡರೆ ಯಜಮಾನಿಗೂ ಸಿಟ್ಟು, ಕೆಲಸದವಳಿಗೂ ಸಿಟ್ಟು. ಒಲೆ ಊದುವವರು ಯಾರು, ಅವರ ಮಾತು ಮನೆಯಲ್ಲಿ ಎಷ್ಟು ನಡೆಯುತ್ತೆ ಅನ್ನೋದು ಅವನಿಗೆ ಸರಿಯಾಗಿ ಗೊತ್ತಿತ್ತು.

ಪ್ರ: ಅಮೆರಿಕದ ಒಲೆ ಬಿಡಿ ಸ್ವಾಮಿ. ಎಂಬತ್ತರ ದಶಕದಲ್ಲಿ ನಮ್ಮೂರಲ್ಲಿ ಮನೆ ಮನೆಗೆ ಅಸ್ತ್ರ ಒಲೆ ಹಾಕಿದರು. ಅಷ್ಟು ಒಳ್ಳೆ ಒಲೆ, ಅದಕ್ಯಾಕೆ ಒಂದು ಚಂದದ ಜಾಹೀರಾತು ಇರಲಿಲ್ಲ?
— ಓದುಗರು, ಕುಣಿಗಲ್

ಉ: ನಿಮ್ಮ ತಾಲೂಕಿನವರೇ ಇದನ್ನ ಕೇಳಬೇಕು! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಅನ್ನೋ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಅವರ ಪ್ರಯೋಗದ ಊರು ನಿಮ್ಮ ಕುಣಿಗಲ್ ತಾಲೂಕಿನ ಉಂಗ್ರ. ಅಲ್ಲಿನ ಹೆಂಗಸರು ಸೌದೆಗೆ ಎಷ್ಟು ದೂರ ನಡೆಯುತ್ತಾರೆ, ಎಷ್ಟು ಹೊತ್ತು ಹೊಗೆ ಕುಡಿಯುತ್ತಾರೆ ಅನ್ನೋದನ್ನು ಲೆಕ್ಕ ಹಾಕಿಯೇ ಒಲೆ ಕೆಲಸಕ್ಕೆ ಕೈ ಹಾಕಿದ್ದು.

ನೆನಪಿರಬಹುದು: ಸಾಲಾಗಿ ಮೂರು ಪಾತ್ರೆ ಇಡುವ ಗುಳಿ, ಕೆಳಗೆ ಬೂದಿ ಉದುರೋಕೆ ಕಬ್ಬಿಣದ ಜಾಲರಿ, ಸೌದೆ ಬಾಯಿಗೆ ಮುಚ್ಚಳ, ಕೊನೆಗೆ ಹೊಗೆಕೊಳವೆ. ಗಾಳಿ ಜಾಲರಿಯ ಕೆಳಗಿಂದ ಬರಬೇಕು, ಉರಿ ಮೊದಲ ಪಾತ್ರೆ ಕಾಯಿಸಿ, ಉಳಿದ ಶಾಖ ಎರಡನೇದು, ಮೂರನೇದಕ್ಕೆ ಸಿಗಬೇಕು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಬಹುಪಾಲು ಗಾಳಿಪಾಲು. ಇದರಲ್ಲಿ ಅದೇ ಅಡುಗೆಗೆ ಸೌದೆ ಗಣನೀಯವಾಗಿ ಕಡಿಮೆ ಸಾಕು.

ಜಾಹೀರಾತು ಯಾಕಿಲ್ಲ ಅಂದರೆ, ಮಾರುವವನೇ ಇರಲಿಲ್ಲ. ಕಲಮಜೂ ಒಲೆ ಕಾರ್ಖಾನೆಯಲ್ಲಿ ತಯಾರಾಗಿ ಬರೋದು, ಅಸ್ತ್ರ ಒಲೆಯನ್ನು ನಿಮ್ಮನೆಯಲ್ಲೇ ಗಾರೆಯವನು ಮಣ್ಣು, ಇಟ್ಟಿಗೆಯಲ್ಲಿ ಕಟ್ಟಬೇಕು. ತರಬೇತಿ ಕೊಟ್ಟ ಗಾರೆಯವರು, ಸರ್ಕಾರದ ಸಬ್ಸಿಡಿ, ಪಂಚಾಯ್ತಿ ಗೋಡೆಯ ಮೇಲೆ ನೀಲಿ ಬಣ್ಣದ ಎರಡು ಸಾಲು, ಮುಗೀತು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಯೋಜನೆ ಅದೇ ದಶಕದಲ್ಲಿ ಶುರುವಾಗಿ 2002ರಲ್ಲಿ ನಿಂತಿತು. ದೇಶದಲ್ಲಿ ಒಟ್ಟು ಮೂರು ಕೋಟಿಗೂ ಜಾಸ್ತಿ ಒಲೆ ಕಟ್ಟಿದ ಲೆಕ್ಕ ಕಾಗದದ ಮೇಲಿದೆ, ಉಳಿದಿದ್ದು ಎಷ್ಟೋ ಕಡಿಮೆ. ಕೊಳವೆಯಲ್ಲಿ ಇಲ್ಲಣ ಕಟ್ಟಿಕೊಂಡರೆ ತೆಗೆಯೋರಿಲ್ಲ, ಜಾಲರಿ ಹೋದರೆ ಹೊಸದು ಎಲ್ಲಿ ಸಿಗುತ್ತೆ ಗೊತ್ತಿಲ್ಲ, ದಪ್ಪ ಸೌದೆ ಹಿಡಿಯಲ್ಲ ಅಂತ ಬಾಯಿ ಒಡೆದು ಅಗಲ ಮಾಡಿದರು. ಬಾಯಿ ಅಗಲ ಮಾಡಿದರೆ ಗಾಳಿಯ ಲೆಕ್ಕವೆಲ್ಲ ತಪ್ಪಿತು, ಮತ್ತೆ ಅದೇ ಹೊಗೆ.

ಜಾಹೀರಾತನ್ನು ನಾನು ಎಷ್ಟೇ ಗೇಲಿ ಮಾಡಿದರೂ ಒಂದು ಒಪ್ಪಿಕೊಳ್ಳಬೇಕು. ಆ ಮಿಶಿಗನ್ ಕಂಪನಿಗಳಿಗೆ ಹೆಸರು ಉಳಿಸಿಕೊಳ್ಳುವ ಗರಜಿತ್ತು, ಬಿಡಿಭಾಗ ಬೇಕು ಅಂತ ಬರೆದರೆ ಕಳಿಸಲೇಬೇಕು. ಸಬ್ಸಿಡಿ ಒಲೆಗೆ ಆ ಗರಜು ಯಾರಿಗಿತ್ತು? ಸಬ್ಸಿಡಿಯಲ್ಲಿ ಬಂದ ಒಲೆಗೆ ದೂರು ಕೇಳುವ ಕಿವಿ ಇರಲಿಲ್ಲ ಅನ್ನೋದೇ ನನ್ನ ತಕರಾರು.

ಪ್ರ: ಗ್ಯಾಸು, ಕರೆಂಟು ಎಲ್ಲಾ ಇದ್ದರೂ ಅಮೆರಿಕದವರು ಈಗಲೂ ಸೌದೆ ಒಲೆ ಕೊಳ್ಳೋದ್ಯಾಕೆ? ಮಾಲಿನ್ಯ ಆಗಲ್ವಾ?
— ಓದುಗರು, ಬೆಂಗಳೂರು

ಉ: 1973ರಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದಾಗ ಚಳಿಯ ನಾಡಿನವರಿಗೆ ಅಟ್ಟದ ಮೇಲಿನ ಒಲೆ ನೆನಪಾಯಿತು. 1975ರಲ್ಲಿ ಶುರುವಾದ ವರ್ಮಾಂಟ್ ಕಾಸ್ಟಿಂಗ್ಸ್ ತನ್ನ ಒಲೆಗೆ ಇಟ್ಟ ಹೆಸರು ‘ಡಿಫಯಂಟ್’, ಅಂದರೆ ಸೆಟೆದು ನಿಂತವನು! ತೈಲದ ದೊರೆಗಳಿಗೆ ಸೆಡ್ಡು ಹೊಡೆದ ಹಾಗೆ. ಆಗಿಂದ ಜಾಹೀರಾತಿನ ರಾಗ ಬದಲಾಯಿತು, ಸ್ವಾವಲಂಬನೆ, ಹಳ್ಳಿ, ಹಿಮ, ನಾಯಿಮರಿ.

ಮಾಲಿನ್ಯ ಆಗುತ್ತೆ, ಜೋರಾಗಿಯೇ ಆಗುತ್ತೆ. ಅಮೆರಿಕ 1988ರಲ್ಲಿ ಮೊದಲ ಸಲ ಒಲೆಯ ಹೊಗೆಗೆ ಮಿತಿ ಹಾಕಿತು. 2020ರಿಂದ ಹೊಸ ಒಲೆ ಗಂಟೆಗೆ 2 ಗ್ರಾಂಗಿಂತ ಹೆಚ್ಚು ಕಣ ಉಗುಳುವಂತಿಲ್ಲ, ಪರೀಕ್ಷೆಗೆಂದೇ ಕತ್ತರಿಸಿದ ಮರದ ತುಂಡಿನ ಬದಲು ಸಾಮಾನ್ಯ ಸೌದೆಯಲ್ಲಿ ಪರೀಕ್ಷಿಸಿದರೆ ಎರಡೂವರೆ. ಇದು ಪ್ರಯೋಗಾಲಯದ ಲೆಕ್ಕ. ಮನೆಯಲ್ಲಿ ಹಸಿ ಸೌದೆ ತುರುಕಿ, ಗಾಳಿಬಾಯಿ ಮುಚ್ಚಿ ಮಲಗಿದರೆ ಯಾವ ಒಲೆಯೂ ಹೊಗೆಯುತ್ತೆ.

ಪ್ರ: ಆನ್‌ಲೈನ್‌ನಲ್ಲಿ ಹಳೇ ಒಲೆಯ ಟ್ರೇಡ್ ಕಾರ್ಡ್ ಕೊಳ್ಳಬೇಕು ಅಂತಿದ್ದೀನಿ. ಅಸಲಿ ನಕಲಿ ಹೇಗೆ ಗೊತ್ತಾಗುತ್ತೆ?
— ಓದುಗರು, ಹುಬ್ಬಳ್ಳಿ

ಉ: ಹತ್ತುಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಒಂದು ತಗೊಳ್ಳಿ, ಒಡವೆ ಅಂಗಡಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ ಅಂಥದ್ದು. ಚಿತ್ರದಲ್ಲಿ ಮುಖದ ಭಾಗ ನೋಡಿ. ಕಲ್ಲಚ್ಚಿನದ್ದಾದರೆ ಕೈಯಲ್ಲಿ ಇಟ್ಟ ಚುಕ್ಕೆಗಳು ಕಾಣುತ್ತವೆ, ಒಂದು ದೊಡ್ಡದು ಒಂದು ಸಣ್ಣದು, ದಿಕ್ಕುದೆಸೆ ಇಲ್ಲದ ಹಾಗೆ, ಒಂದೊಂದು ಬಣ್ಣವೂ ಬೇರೆ ಪದರ. ಈಗಿನ ಆಫ್‌ಸೆಟ್ ಅಚ್ಚಾದರೆ ಒಂದೇ ಅಂತರದಲ್ಲಿ ಸಾಲು ಹಿಡಿದ ಚುಕ್ಕೆ, ಚಿಕ್ಕ ಚಿಕ್ಕ ಹೂವಿನ ಥರ ಗುಂಪುಗುಂಪು. ಒಮ್ಮೆ ವ್ಯತ್ಯಾಸ ಕಂಡಿತು ಅಂದರೆ ಆಮೇಲೆ ಮರೆಯೋಕಾಗಲ್ಲ.

ಹಿಂಭಾಗದಲ್ಲಿ ಒಣಗಿದ ಗೋಂದು, ಹರಿದ ಆಲ್ಬಮ್ ಕಾಗದದ ಚೂರು ಅಂಟಿದ್ದರೆ ಬೇಜಾರಾಗಬೇಡಿ, ಅದು ಒಳ್ಳೇ ಲಕ್ಷಣವೇ. ಹಿಂದೆ ಬೆಳ್ಳಗೆ ಖಾಲಿ ಇದ್ದು, ಅಂಚು ನಾಲ್ಕೂ ಚೂಪಾಗಿದ್ದು, ಮಾರುವವನ ಹತ್ತಿರ ಅದೇ ಚೀಟಿ ಕಟ್ಟುಗಟ್ಟಲೆ ಇದೆ ಅಂದರೆ ದುಡ್ಡು ಜೇಬಲ್ಲೇ ಇರಲಿ. ಬಣ್ಣ ಸ್ವಲ್ಪ ಮಾಸಿದ್ದರೂ ಪರವಾಗಿಲ್ಲ, ಕೊಳ್ಳುವಾಗ ಹಿಂಭಾಗದ ಫೋಟೋ ಕೇಳಿ, ಕೊಡಲ್ಲ ಅಂದವರ ಹತ್ತಿರ ತಗೋಬೇಡಿ.